ದಸರೆಯ ರಜೆಯಲ್ಲಿ ಗೆಳತಿಗೆ ಧಾರವಾಡ ತೋರಿಸಿದ್ದು

ಧಾರವಾಡವನ್ನು ಹೊರಗಿನವರಿಗೆ ತೋರಿಸುವುದು ಸುಲಭದ ಕೆಲಸವಲ್ಲ. ಮೈಸೂರಿಗೆ ಬಂದವರನ್ನು ಅರಮನೆಯ ಮುಂದೆ ನಿಲ್ಲಿಸಬಹುದು, ವಿಜಯಪುರಕ್ಕೆ ಬಂದವರನ್ನು ಗೋಳಗುಮ್ಮಟ ಹತ್ತಿಸಬಹುದು. ನಮ್ಮ ಊರಿನಲ್ಲಿ ಹಾಗೆ ಒಂದೇ ನೋಟಕ್ಕೆ ಗುರುತು ಹೇಳಿಬಿಡುವ ಕಟ್ಟಡವಿಲ್ಲ. ಒಂದು ಕಾಲಕ್ಕೆ ಕೋಟೆಯಿತ್ತು, ಈಗ ಅದರ ಬಾಗಿಲು ಉಳಿದಿದೆ. ಊರಿನ ಹಿರಿಮೆಯೆಲ್ಲ ಶಾಲೆ ಕಾಲೇಜುಗಳಲ್ಲಿ, ಕೆಲವು ಸಾಧಾರಣ ಮನೆಗಳಲ್ಲಿ, ಪುಸ್ತಕ ಪ್ರಕಾಶಕರ ಒಂದು ಅಟ್ಟದಲ್ಲಿ, ಸಂಜೆಯ ತಿರುಗಾಟದಲ್ಲಿ ಹರಡಿಕೊಂಡಿದೆ. ಇವುಗಳನ್ನು ತೋರಿಸಬೇಕಾದರೆ ಯಾವ ಹೊತ್ತಿಗೆ ಎಲ್ಲಿ ಬಾಗಿಲು ತೆರೆದಿರುತ್ತದೆ, ಎಲ್ಲಿ ಯಾರು ಕುಳಿತಿರುತ್ತಾರೆ ಎಂಬುದು ಗೊತ್ತಿರಬೇಕು, ಅವಸರವಂತೂ ಇರಲೇಬಾರದು.

ನಾನು ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಊರು ರೋಣದ ಕಡೆ. ಪದವಿಯ ದಿನಗಳಲ್ಲಿ ಎನ್‌ಎಸ್‌ಎಸ್ ಶಿಬಿರವೊಂದರಲ್ಲಿ ಪರಿಚಯವಾದ ಪುತ್ತೂರಿನ ಗೆಳತಿ ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ದಸರೆಯ ರಜೆಗೆ ಧಾರವಾಡಕ್ಕೆ ಬರುತ್ತೇನೆಂದು ಅವಳು ಫೋನು ಮಾಡಿದಾಗ, ಅಲ್ಲೇ ಇರುವ ಕುದ್ರೋಳಿಯ ದಸರೆಯನ್ನು ಬಿಟ್ಟು ಇಷ್ಟು ದೂರ ಯಾಕೆ ಎಂದು ಅವಳ ಮನೆಯವರು ಕೇಳಿದ್ದರಂತೆ. ಅವಳು ಅವರಿಗೆ ಏನು ಹೇಳಿದಳೋ ತಿಳಿಯದು. ನನಗೆ ಮಾತ್ರ, "ನೀನು ದಿನಾ ಹೇಗೆ ಇರ್ತೀಯೋ ಆ ಊರು ತೋರಿಸು ಮಾರಾಯ್ತಿ, ಬೇರೆ ಎಂತದೂ ಬೇಡ" ಎಂದಳು. ಆ ಮಾತನ್ನೇ ಹಿಡಿದುಕೊಂಡು ನಾನು ತಯಾರಿಗೆ ತೊಡಗಿದೆ.

ಮೊದಲ ತೊಡಕು ಹಾಸ್ಟೆಲ್ಲಿನದು. ಅತಿಥಿಯನ್ನು ಉಳಿಸಿಕೊಳ್ಳಬೇಕಾದರೆ ಅರ್ಜಿ ಬರೆದು, ವಿಭಾಗದಿಂದ ಸಹಿ ಹಾಕಿಸಿ, ವಾರ್ಡನ್ ಮೇಡಮ್ಮರಿಗೆ ಒಪ್ಪಿಸಬೇಕು. ಹಬ್ಬ ಹತ್ತಿರವಾದಂತೆ ಕಚೇರಿಯವರೆಲ್ಲ ಊರಿಗೆ ಹೊರಡುವುದರಿಂದ ಈ ಕೆಲಸವನ್ನು ಮೊದಲೇ ಮುಗಿಸಿಟ್ಟೆ. ಎರಡನೆಯದು ಇದಕ್ಕಿಂತ ದೊಡ್ಡದು. ಮಹಾನವಮಿ, ವಿಜಯದಶಮಿಗಳಂದು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ, ಗ್ರಂಥಾಲಯ ಯಾವುದೂ ತೆರೆದಿರುವುದಿಲ್ಲ, ಮೆಸ್ಸೂ ಮುಚ್ಚಿರುತ್ತದೆ. ಹಾಗಾಗಿ ಹಬ್ಬಕ್ಕೆ ಮೊದಲಿನ ಕೆಲಸದ ದಿನಗಳಲ್ಲೇ ಅವಳು ಬರುವಂತೆ ಹೇಳಿ, ಕ್ಯಾಂಪಸ್ಸನ್ನು ಮೊದಲಿಗೂ, ಮನೆಗಳನ್ನೂ ಕೆರೆಗಳನ್ನೂ ನಡುವಿಗೂ, ಹಬ್ಬವನ್ನು ಕೊನೆಗೂ ಇಟ್ಟುಕೊಂಡೆ. ರಜೆಯಲ್ಲಿ ವಿಶ್ವವಿದ್ಯಾಲಯದ ಊರಿಗೆ ಅತಿಥಿಗಳನ್ನು ಕರೆಯುವವರು ಈ ಒಂದು ಲೆಕ್ಕವನ್ನು ಮರೆಯಬಾರದು.

ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗ್ಗೆ ಹುಬ್ಬಳ್ಳಿಯಲ್ಲಿ ಇಳಿದವಳನ್ನು ಚಿಗರಿ ಬಸ್ಸಿನಲ್ಲಿ ಕರೆತಂದೆ. ಹುಬ್ಬಳ್ಳಿ ಧಾರವಾಡಗಳ ನಡುವೆ ತನ್ನದೇ ಆದ ಬೇರೆ ದಾರಿಯಲ್ಲಿ ಓಡುವ ಈ ಬಸ್ಸು ನಮಗೆಲ್ಲ ಬಹಳ ಅನುಕೂಲ ಮಾಡಿಕೊಟ್ಟಿದೆ. ದಾರಿಯಲ್ಲಿ ಉಣಕಲ್ಲಿನಲ್ಲಿ ಇಳಿದು, ನಾಲ್ಕು ದಿಕ್ಕಿಗೂ ಬಾಗಿಲಿರುವ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯವನ್ನು ನೋಡಿಕೊಂಡು ಮತ್ತೆ ಬಸ್ಸು ಹಿಡಿದೆವು.

ನಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದು ಧಾರವಾಡದಲ್ಲಲ್ಲ ಎಂಬುದು ಅವಳಿಗೆ ಹೊಸ ಸಂಗತಿ. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ, ಮರುವರ್ಷ ಅದು ಇಲ್ಲಿಗೆ ಬಂತು; ಆಗ ಈ ಭಾಗವೆಲ್ಲ ಮುಂಬಯಿ ಪ್ರಾಂತದಲ್ಲಿಯೇ ಇತ್ತು. ಛೋಟಾ ಮಹಾಬಳೇಶ್ವರವೆಂದು ಕರೆಯುವ ಗುಡ್ಡದ ಮೇಲೆ ಇಂದು ಕಾಣುವ ಕ್ಯಾಂಪಸ್ಸು ಬಹುಮಟ್ಟಿಗೆ ರ‍್ಯಾಂಗ್ಲರ್ ಡಿ.ಸಿ. ಪಾವಟೆಯವರ ಕಾಲದ್ದು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಅವರ ಹೆಸರೇ ಈ ಬಡಾವಣೆಗೆ ಉಳಿದು, ಇದು ಪಾವಟೆನಗರವಾಗಿದೆ. ಮಳೆ ಹಿಂದೆಗೆಯುವ ಹೊತ್ತಿನಲ್ಲಿ ಬೆಳಗಿನ ಮಂಜು ಗುಡ್ಡದಿಂದ ತಡವಾಗಿ ಇಳಿಯುತ್ತದೆ. ಆ ಮಂಜಿನಲ್ಲೇ ನಾವು ಗಿಡಗಳ ಕೆಳಗಿನ ರಸ್ತೆಗಳಲ್ಲಿ ನಡೆದು ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಹೋದೆವು.

1939ರಲ್ಲಿ ಆರಂಭವಾದ ಈ ಸಂಸ್ಥೆ ಹಳ್ಳಿಹಳ್ಳಿಗಳಿಂದ ಶಾಸನ, ಮೂರ್ತಿ, ಓಲೆಗರಿಗಳನ್ನು ಕೂಡಿಸಿದೆ. ನನ್ನ ಅಧ್ಯಯನಕ್ಕೂ ಹತ್ತಿರದ ವಿಷಯವಾದ್ದರಿಂದ ಒಂದು ವೀರಗಲ್ಲಿನ ಮುಂದೆ ಅವಳನ್ನು ಬಹಳ ಹೊತ್ತು ನಿಲ್ಲಿಸಿದೆ. ಇಂಥ ಕಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ವೀರ ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ಕಾದುತ್ತಾನೆ, ಕೆಲವೊಮ್ಮೆ ಪಕ್ಕದಲ್ಲಿ ಅವನು ಬಿಡಿಸಿತಂದ ದನಗಳು ಸಾಲಾಗಿರುತ್ತವೆ. ನಡುವಿನದರಲ್ಲಿ ಅಪ್ಸರೆಯರು ಅವನ ಎರಡೂ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ತುದಿಯಲ್ಲಿ ಅವನು ಲಿಂಗದ ಎದುರು ಕುಳಿತಿರುತ್ತಾನೆ, ಮೇಲೆ ಸೂರ್ಯ ಚಂದ್ರರಿರುತ್ತಾರೆ. ಅವಳು ಬೆರಳನ್ನು ಕಲ್ಲಿಗೆ ತಾಗಿಸದೆ ಗಾಳಿಯಲ್ಲೇ ಗೆರೆ ಎಳೆಯುತ್ತಾ, ಸತ್ತವನ ಮುಖದಲ್ಲಿ ಇಷ್ಟು ಶಾಂತಿಯನ್ನು ಕೆತ್ತಿದವನು ಅವನ ಊರಿನವನೇ ಇರಬೇಕು ಎಂದಳು. ಶಾಸನ ಓದುವುದನ್ನು ನಾವು ವರ್ಷಗಟ್ಟಲೆ ಕಲಿಯುತ್ತೇವೆ, ಆದರೆ ಇಂಥ ಮಾತು ನಮ್ಮ ಬಾಯಿಗೆ ಬರುವುದು ಕಡಿಮೆ.

ಅಲ್ಲಿಂದ ಕನ್ನಡ ಅಧ್ಯಯನ ಪೀಠದ ಕಡೆಗೆ ಬಂದಾಗ ನಾನು ಎಂ.ಎಂ. ಕಲಬುರ್ಗಿಯವರ ವಿಷಯ ಹೇಳಿದೆ. ಶಾಸನ, ವಚನ, ಸ್ಥಳನಾಮ ಎಂದು ಬಾಳಿನುದ್ದಕ್ಕೂ ಹುಡುಕಿದ ಈ ಹಿರಿಯರು ಇಲ್ಲಿಯೇ ಕಲಿಸಿದವರು. 2015ರ ಆಗಸ್ಟ್ 30ರಂದು ಬೆಳಗ್ಗೆ ಇದೇ ಊರಿನ ಕಲ್ಯಾಣನಗರದ ತಮ್ಮ ಮನೆಯ ಬಾಗಿಲಲ್ಲಿ ಗುಂಡೇಟಿಗೆ ಬಲಿಯಾದರು. ಊರನ್ನು ತೋರಿಸುವಾಗ ಒಳ್ಳೆಯದನ್ನಷ್ಟೇ ಆರಿಸಿ ತೋರಿಸಬೇಕೆಂದು ನನಗೆ ಅನಿಸುವುದಿಲ್ಲ. ಸಂಶೋಧಕನೊಬ್ಬನನ್ನು ಕೊಂದದ್ದು ಈ ಊರಿನ ಮೇಲಿರುವ ಗಾಯ. ಇಲ್ಲಿ ಸಂಶೋಧನೆ ಮಾಡುವ ನಾವು ಅದನ್ನು ಹೇಳಲೇಬೇಕು.

ಸಂಜೆ ಊರಿನ ಅಂಚಿನ ಸೋಮೇಶ್ವರಕ್ಕೆ ಹೋದೆವು. ದೇವಸ್ಥಾನಕ್ಕಿಂತ ಅಲ್ಲಿನ ನೀರನ್ನು ಅವಳಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ. ಶಾಲ್ಮಲಾ ಹುಟ್ಟುವುದು ಇಲ್ಲಿ. ಈ ಹೊಳೆ ಮುಂದೆ ಬೇಡ್ತಿಯಾಗಿ, ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆನಿಸಿ ಅರಬ್ಬೀ ಸಮುದ್ರ ಸೇರುತ್ತದೆ. ಊರಿನ ಪೂರ್ವಕ್ಕೆ ಬಿದ್ದ ಮಳೆಯಾದರೋ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳನ್ನು ಹಿಡಿದು ನಮ್ಮ ರೋಣ ತಾಲ್ಲೂಕಿನಲ್ಲಿ ಮಲಪ್ರಭೆಗೆ ಬಿದ್ದು, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಮಲೆನಾಡಿನ ಸೆರಗಿನ ಕೆಂಪು ಮಣ್ಣು, ಭತ್ತ, ಮಾವು. ಪೂರ್ವಕ್ಕೆ ನಮ್ಮ ಎರಿ ಹೊಲಗಳು, ಜೋಳ, ಕಡಲಿ, ಹತ್ತಿ. ಕರಾವಳಿಯವಳಾದ ಅವಳಿಗೂ ಬಯಲುಸೀಮೆಯವಳಾದ ನನಗೂ ಧಾರವಾಡ ಇಷ್ಟು ಒಗ್ಗಲು ನೆಲದ ಈ ಗುಣವೂ ಒಂದು ಕಾರಣವೆಂದು ನಾನು ನಂಬಿದ್ದೇನೆ. ಮಳೆಗಾಲದಲ್ಲಿ ಅವಳ ಊರಿನ ಜಿಟಿಜಿಟಿ ಇಲ್ಲಿಗೂ ಬರುತ್ತದೆ, ಬೇಸಗೆಯಲ್ಲಿ ನಮ್ಮ ಕಡೆಯ ಗಾಳಿ ಬೀಸುತ್ತದೆ.

ಮರುದಿನ ಕರ್ನಾಟಕ ಕಾಲೇಜಿನಿಂದ ಆರಂಭಿಸಿದೆವು. ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿದ್ದ ಕಲ್ಲಿನ ಕಟ್ಟಡ ಈ ಕಾಲೇಜಿಗೆ ಒದಗಿತು. 1917ರಲ್ಲಿ ಕಾಲೇಜು ತೆರೆಯುವವರೆಗೆ ಈ ಭಾಗದ ಹುಡುಗರು ಪದವಿ ಓದಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಹೋಗಲಾಗದವರು ಓದನ್ನೇ ಬಿಡುತ್ತಿದ್ದರು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ಊರೂರು ತಿರುಗಿ ಹಣ ಕೂಡಿಸಿ ಇದನ್ನು ಸಾಧಿಸಿದರು. ಅದಕ್ಕೂ ಮೊದಲೇ, 1890ರ ಜುಲೈ 20ರಂದು, ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ್ದರು. ಕಚೇರಿ, ಶಾಲೆಗಳಲ್ಲಿ ಮರಾಠಿಯ ಪ್ರಭಾವವೇ ಹೆಚ್ಚಾಗಿದ್ದ ಕಾಲದಲ್ಲಿ ಕನ್ನಡ ಪುಸ್ತಕ ಬರೆಯಿಸಿ ಅಚ್ಚು ಹಾಕಿಸುವುದನ್ನೇ ಚಳವಳಿಯಾಗಿ ನಡೆಸಿದ ಸಂಸ್ಥೆ ಅದು. ಸಂಘದ ಅಂಗಳದಲ್ಲಿ ಇಂದಿಗೂ ಸಂಜೆಯಾದರೆ ಯಾವುದಾದರೊಂದು ಉಪನ್ಯಾಸವೋ ಪುಸ್ತಕ ಬಿಡುಗಡೆಯೋ ಇರುತ್ತದೆ. ಕರಾವಳಿಯಲ್ಲಿ ಕನ್ನಡಕ್ಕೆ ಇಂಥ ಪಾಡು ಬಂದಿತ್ತೇ ಎಂದು ಯೋಚಿಸುತ್ತಾ ಅವಳು ಸುಮ್ಮನೆ ಕೇಳಿಸಿಕೊಂಡಳು.

ಸುಭಾಷ ರಸ್ತೆಯ ಲಕ್ಷ್ಮೀ ಭವನದ ಮೇಲಿರುವ ಮನೋಹರ ಗ್ರಂಥಮಾಲೆಯ ಅಟ್ಟವನ್ನು ನಾನು ಬೇಕೆಂದೇ ಈ ದಿನಕ್ಕೆ ಇಟ್ಟುಕೊಂಡಿದ್ದೆ. ಕೆಳಗೆ ಪೇಟೆಯ ಗದ್ದಲ, ಹಬ್ಬದ ಚೆಂಡುಹೂವು, ಕುಂಬಳಕಾಯಿಗಳ ರಾಶಿ. ಮೆಟ್ಟಿಲೇರಿದರೆ ಪುಸ್ತಕಗಳ ವಾಸನೆ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಮಾಲೆ, ಚಂದಾದಾರರನ್ನು ನಂಬಿಕೊಂಡು ವರ್ಷವರ್ಷವೂ ಪುಸ್ತಕ ಕೊಡುತ್ತಾ ಬಂದದ್ದು. ಇದೇ ಅಟ್ಟದಲ್ಲಿ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಕುಳಿತು ಹಸ್ತಪ್ರತಿ ಓದುತ್ತಿದ್ದರು. ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಇಲ್ಲಿಂದಲೇ ಹೊರಬಂತು. ಒಂದು ಭಾಷೆಯ ನಾಟಕ, ಕಾವ್ಯ, ವಿಮರ್ಶೆಗಳ ದಿಕ್ಕನ್ನು ಬದಲಿಸಿದ ಮಾತುಕತೆ ಇಷ್ಟು ಚಿಕ್ಕ ಜಾಗದಲ್ಲಿ ನಡೆಯಿತೆಂಬುದು ಅಲ್ಲಿ ನಿಂತಾಗಲೇ ಸರಿಯಾಗಿ ಮನಸ್ಸಿಗೆ ಬರುತ್ತದೆ. "ಕುಂದರ್ರಿ, ನಿಂತs ನೋಡಿದ್ರ ಹೆಂಗ" ಎಂದು ಅಲ್ಲಿದ್ದ ಹಿರಿಯರು ನಮ್ಮನ್ನು ಕೂರಿಸಿ, ಕಪಾಟಿನಿಂದ ಹಳೆಯ ಪ್ರತಿಗಳನ್ನು ತೆಗೆದು ಕೈಗೆ ಕೊಟ್ಟರು. ಕೊಳ್ಳುತ್ತೀರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅವಳು ಎರಡು ಕೈಗೂ ತುಂಬುವಷ್ಟು ಕೊಂಡಳು.

ಮಧ್ಯಾಹ್ನ ಖಾನಾವಳಿ. ರಜೆಯಲ್ಲಿ ಮೆಸ್ ಇಲ್ಲದವರಿಗೆಲ್ಲ ಖಾನಾವಳಿಯೇ ಗತಿ, ನಿಜ ಹೇಳಬೇಕೆಂದರೆ ಮೆಸ್ಸಿಗಿಂತ ಅದೇ ಮೇಲು. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಜುಣಕ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ ಬಂದವು. ಕುಚ್ಚಲಕ್ಕಿ ಉಂಡು ಬೆಳೆದ ಅವಳು ಒಂದು ರೊಟ್ಟಿಗೇ ಕೈ ಎತ್ತಿದಾಗ, ಬಡಿಸುತ್ತಿದ್ದ ಅಕ್ಕ, "ಒಂದs ರೊಟ್ಟಿಗೆ ಸಾಕಂದ್ರ ಹೆಂಗವಾ? ಬಿಸಿ ಐತಿ, ಇನ್ನೊಂದು ತಗೋ" ಎಂದು ಉತ್ತರಕ್ಕೆ ಕಾಯದೆ ಹಾಕಿಬಿಟ್ಟರು. ಚಟ್ನಿಪುಡಿಗೆ ಮೊಸರು ಕಲಸಿ ರೊಟ್ಟಿಯ ಅಂಚನ್ನು ಅದರಲ್ಲಿ ಅದ್ದಿ ತಿನ್ನುವುದನ್ನು ತೋರಿಸಿಕೊಟ್ಟ ಮೇಲೆ, "ಇದು ಭಾರೀ ಲಾಯ್ಕ ಉಂಟು" ಎಂದು ಎರಡನೆಯದನ್ನೂ ಮುಗಿಸಿದಳು. ಸಂಜೆಯ ಗಿರ್ಮಿಟ್, ಮಿರ್ಚಿಗಳ ವಿಷಯದಲ್ಲಿ ಅವಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

ಊಟವಾದ ಮೇಲೆ ಸಪ್ತಾಪುರದ ಓಣಿಗಳಲ್ಲಿ ಅವಳನ್ನು ಕರೆದುಕೊಂಡು ಹೋದೆ. ಪ್ರವಾಸದ ಯಾವ ಪಟ್ಟಿಯಲ್ಲಿಯೂ ಈ ಓಣಿಗಳಿಲ್ಲ, ಆದರೆ ಇಂದಿನ ಧಾರವಾಡವನ್ನು ತಿಳಿಯಬೇಕಾದರೆ ಇವನ್ನು ನೋಡಲೇಬೇಕು. ಉದ್ದಕ್ಕೂ ಕೋಚಿಂಗ್ ಕೇಂದ್ರಗಳು, ಪಿಜಿಗಳು, ಓದುವ ಕೋಣೆಗಳು, ಜೆರಾಕ್ಸ್ ಅಂಗಡಿಗಳು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ಓದಲು ಕೊಪ್ಪಳ, ಯಾದಗಿರಿ, ಬಾಗಲಕೋಟೆ, ಬೆಳಗಾವಿಯ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು. ಹಬ್ಬವಿದ್ದರೂ ಇವರಲ್ಲಿ ಬಹಳ ಜನ ಊರಿಗೆ ಹೋಗುವುದಿಲ್ಲ. ಬಸ್ಸಿನ ಖರ್ಚು ಒಂದು ಕಡೆಯಾದರೆ, ಈ ಸಲವಾದರೂ ಅಧಿಸೂಚನೆ ಬಂದೀತು ಎಂಬ ಕಾಯುವಿಕೆ ಇನ್ನೊಂದು ಕಡೆ. ನಾವು ಹೋದಾಗಲೂ ಓದುವ ಕೋಣೆಯೊಂದರ ಹೊರಗೆ ಸಾಲುಸಾಲಾಗಿ ಚಪ್ಪಲಿಗಳಿದ್ದವು. ಹೊಲ ಮಾರಿ, ಸಾಲ ಮಾಡಿ ಮಕ್ಕಳನ್ನು ಇಲ್ಲಿಗೆ ಕಳಿಸಿದ ತಂದೆತಾಯಿಗಳನ್ನು ನಾನು ನಮ್ಮ ಊರಿನಲ್ಲೇ ಬಲ್ಲೆ. ನೇಮಕಾತಿಗಳು ಹೊತ್ತಿಗೆ ಸರಿಯಾಗಿ ನಡೆದರೆ ಈ ಓಣಿಗಳ ಎಷ್ಟೋ ಮಕ್ಕಳ ಆಯುಷ್ಯದ ಒಳ್ಳೆಯ ವರ್ಷಗಳು ಉಳಿಯುತ್ತವೆ.

ಮಹಾನವಮಿಯ ದಿನ ಸಾಧನಕೇರಿಗೆ ನಡೆದೇ ಹೋದೆವು. ಕೆರೆಯ ಎದುರಿನ ದ.ರಾ. ಬೇಂದ್ರೆಯವರ ಮನೆ 'ಶ್ರೀಮಾತಾ' ಅವಳು ಊಹಿಸಿದ್ದಕ್ಕಿಂತ ಚಿಕ್ಕದು. ಹಬ್ಬವಾದ್ದರಿಂದ ಒಳಗೆ ಹೋಗುವ ವಿಚಾರವನ್ನು ಮೊದಲೇ ಬಿಟ್ಟಿದ್ದೆ. ಕೆರೆಯ ದಂಡೆಯಲ್ಲಿ ಕುಳಿತು, 1920ರ ದಶಕದಲ್ಲಿ ಬೇಂದ್ರೆಯವರು ಕಟ್ಟಿದ ಗೆಳೆಯರ ಗುಂಪಿನ ವಿಷಯ ಹೇಳಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೇಳಿ, ತಿದ್ದಿ, ಬೆಳೆಸಿದ ಆ ಸ್ನೇಹದಿಂದ ಎಷ್ಟು ಜನ ಲೇಖಕರು ಹೊರಬಂದರೆಂಬುದನ್ನು ನೆನೆದರೆ, ಸ್ನೇಹಿತರೊಡನೆ ಸುತ್ತಾಡುವುದು ಈ ಊರಿನಲ್ಲಿ ಮೊದಲಿನಿಂದಲೂ ಒಂದು ಬಗೆಯ ವಿದ್ಯಾಭ್ಯಾಸವೇ ಆಗಿತ್ತು ಎನಿಸುತ್ತದೆ.

ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ'ವನ್ನು ನಾವು ಹಿಂದಿನ ದಿನವೇ ನೋಡಿದ್ದೆವು. ಸ್ಮಾರಕವಾಗಿ ಉಳಿಸಿರುವ ಆ ಮನೆಯಲ್ಲಿ ಅವಳು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಾ ಸಾಧನಕೇರಿಯವರೆಗೂ ಬಂದಿದ್ದೆ. ಕನ್ನಡ ನಾಡಿನ ಈ ಮೂಲೆಯಲ್ಲಿ ಹಿಂದೂಸ್ತಾನಿ ಸಂಗೀತ ಇಷ್ಟು ಬೇರೂರಿದ್ದು ಹೇಗೆ ಎಂಬುದು ಅವಳ ಪ್ರಶ್ನೆ. ಮುಂಬಯಿ ಪ್ರಾಂತದ ನಂಟು, ಊರೂರು ತಿರುಗುತ್ತಿದ್ದ ನಾಟಕ ಕಂಪನಿಗಳು, ಮಿರಜಿನಿಂದ ಮೈಸೂರು ದರಬಾರಿಗೆ ಹೋಗಿ ಬರುವಾಗ ಹುಬ್ಬಳ್ಳಿ ಧಾರವಾಡಗಳಲ್ಲಿ ಉಳಿಯುತ್ತಿದ್ದ ಅಬ್ದುಲ್ ಕರೀಂ ಖಾನರು, ಅವರಲ್ಲಿ ಕಲಿತ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ, ಹೀಗೆ ಒಂದಕ್ಕೊಂದು ಕೊಂಡಿ ಕೂಡಿದೆ. ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದಲ್ಲೇ, 1913ರಲ್ಲಿ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಈ ಹಾಡು ರೇಡಿಯೋ ಇದ್ದ ಹಳ್ಳಿಮನೆಗಳಿಗೂ ಹೋಯಿತು. ನಮ್ಮ ಅಜ್ಜಿ ಅಕ್ಷರ ಕಲಿತವರಲ್ಲ, ಆದರೆ ರೇಡಿಯೋದಲ್ಲಿ ಮನಸೂರರು ವಚನ ಹಾಡಿದರೆ ಎರಡು ಸಾಲಿನಲ್ಲಿ ಗುರುತು ಹಿಡಿಯುತ್ತಿದ್ದರು.

ಲೈನ್ ಬಜಾರಿನ ಠಾಕೂರರ ಅಂಗಡಿಯ ಮುಂದೆ ಹಬ್ಬದ ಸಾಲು ಬೀದಿಗೆ ಬಂದಿತ್ತು. ಉತ್ತರ ಪ್ರದೇಶದ ಉನ್ನಾವದಿಂದ ಬಂದ ಮನೆತನ ಇಲ್ಲಿ ನೆಲೆಯೂರಿ ಪೇಡೆಯನ್ನು ಊರಿನ ಹೆಸರಿನ ಜೊತೆಗೇ ಬೆಸೆದುಬಿಟ್ಟಿತು; ಈಗ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಖವೆಯನ್ನು ಸಕ್ಕರೆಯೊಡನೆ ಕಂದು ಬಣ್ಣ ಬರುವವರೆಗೆ ಹುರಿದು, ಉಂಡೆ ಮಾಡಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಸಾಲಿನಲ್ಲಿ ನಿಂತು ಮನೆಗೆಂದು ಕಟ್ಟಿಸಿಕೊಂಡ ಪೊಟ್ಟಣಗಳಲ್ಲಿ ಒಂದು ಹಾಸ್ಟೆಲ್ ಮುಟ್ಟುವ ಹೊತ್ತಿಗೆ ಖಾಲಿಯಾಯಿತು.

ವಿಜಯದಶಮಿಯ ಸಂಜೆ ನನ್ನ ಸಂಶೋಧನೆಯ ಮಾರ್ಗದರ್ಶಕರಾದ ಮೇಡಮ್ಮರ ಮನೆಗೆ ಬನ್ನಿ ಕೊಡಲು ಹೋದೆವು. ಹಿಂದಿನ ದಿನ ಖಂಡೆ ಪೂಜೆಗೆ ಬಸ್ಸು, ಆಟೋಗಳಿಗೆಲ್ಲ ಬಾಳೆಕಂದು, ಚೆಂಡುಹೂವಿನ ಮಾಲೆ ಕಟ್ಟಿದ್ದನ್ನು ಅವಳು ನೋಡಿದ್ದಳು, ಅದು ಅವಳ ಊರಿನಲ್ಲೂ ಇದೆ. ಬನ್ನಿ ಹಂಚುವುದು ಮಾತ್ರ ಅವಳಿಗೆ ಹೊಸದು. ಎಲೆಯನ್ನು ಹಿರಿಯರ ಕೈಗೆ ಕೊಟ್ಟು ಕಾಲಿಗೆ ನಮಸ್ಕರಿಸಬೇಕು, ಓರಗೆಯವರಾದರೆ ಕೊಟ್ಟು ತೆಗೆದುಕೊಳ್ಳಬೇಕು. ವರ್ಷದಲ್ಲಿ ಮನಸ್ತಾಪ ಮಾಡಿಕೊಂಡವರೂ ಆ ಸಂಜೆ ಒಬ್ಬರ ಬಾಗಿಲಿಗೆ ಒಬ್ಬರು ಹೋಗುತ್ತಾರೆ. ದೇವರ ಮನೆಯಲ್ಲಿ ಘಟದ ಮಣ್ಣಿನಲ್ಲಿ ಮೊಳೆತ ಹಳದಿ ಸಸಿಗಳು ಗೇಣುದ್ದ ಬೆಳೆದಿದ್ದವು. ಮೇಡಮ್ಮರ ಅತ್ತೆಯವರು ಅವುಗಳಲ್ಲಿ ನಾಲ್ಕನ್ನು ಕಿತ್ತು ಅವಳ ಜಡೆಗೆ ಸಿಕ್ಕಿಸಿ, "ನಾವು ನೀವು ಬನ್ನಿ ತಗೊಂಡು ಬಂಗಾರದಂಗ ಇರೂಣವಾ" ಎಂದರು. ಅವಳು ಅಜ್ಜಿಯವರ ಕಾಲು ಮುಟ್ಟಿ, ಅದೇ ಮಾತನ್ನು ಅವರು ಹೇಳಿದ ಹಾಗೆಯೇ ಹೇಳಲು ಹೋದಾಗ ಮನೆಯವರೆಲ್ಲ ಸಂತೋಷದಿಂದ ದನಿಗೂಡಿಸಿದರು. ಗುರುಗಳ ಮನೆ ನಮ್ಮ ಮನೆಯೇ ಎಂಬ ನಡೆನುಡಿ ಈ ಊರಿನ ವಿದ್ಯೆಯ ಒಂದು ಭಾಗವಾಗಿ ಉಳಿದಿದೆ. ಅವಳಿಗೆ ಧಾರವಾಡವನ್ನು ತೋರಿಸಬೇಕೆಂದಾಗ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೊದಲು ಬಂದದ್ದು ಆ ಪಡಸಾಲೆಯೇ.

ಹೊರಡುವ ದಿನ ನವಲೂರಿನ ಪೇರಲ ಹಣ್ಣು ಪೇಟೆಗೆ ಬಂದಿತ್ತು, ಒಂದು ಚೀಲ ಕೊಂಡೆವು. ವಿಜಯಪುರದಿಂದ ಬರುವ ಮಂಗಳೂರು ರೈಲು ಪುತ್ತೂರಿನ ಮೇಲೆಯೇ ಹೋಗುವುದರಿಂದ ಅವಳಿಗೆ ಅನುಕೂಲ. ಅದನ್ನು ಹಿಡಿಯಲು ಹುಬ್ಬಳ್ಳಿಗೆ ಬೇಗನೆ ಹೋಗಿ, ಜಗತ್ತಿನಲ್ಲೇ ಉದ್ದವೆನಿಸಿದ 1507 ಮೀಟರಿನ ಪ್ಲಾಟ್‌ಫಾರ್ಮಿನಲ್ಲಿ ಬ್ಯಾಗು ಹೊತ್ತು ನಡೆದೆವು. ಕಿತ್ತೂರು ನೋಡುವುದು ಉಳಿಯಿತೆಂದು ಅವಳಿಗೆ ಬೇಸರ. ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವಕ್ಕೆ ಮುಂದಿನ ವರ್ಷ ಬಾ, ಅಷ್ಟರಲ್ಲಿ ನಾನು ಏಪ್ರಿಲ್‌ನಲ್ಲಿ ಮಹಾಲಿಂಗೇಶ್ವರನ ಜಾತ್ರೆಗೆ ಪುತ್ತೂರಿಗೆ ಬರುತ್ತೇನೆ ಎಂದೆ. ಮನೆಗೆ ಮುಟ್ಟಿದ ಕೂಡಲೇ ಅವಳು ಫೋನು ಮಾಡಿ, ಜಾತ್ರೆಯ ದಿನಗಳಲ್ಲಿ ಮನೆ ತುಂಬ ನೆಂಟರಿರುತ್ತಾರೆ, ಒಂದು ದಿನ ಮೊದಲೇ ಬಂದುಬಿಡು ಎಂದು ತನ್ನ ತಾಯಿ ಹೇಳಿದ್ದನ್ನು ತಿಳಿಸಿದಳು.